ಸಾಹೇಬರು ಬರೆಯದ ಸಾಲುಗಳು

ಮೂಡುಬಿದಿರೆಯಲ್ಲಿ ಡಿಗ್ರಿ ಓದಿದ ಮೂರು ವರ್ಷವೂ ನಾನು ಬೆಳ್ತಂಗಡಿ ಹತ್ತಿರದ ಲಾಯಿಲದಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಅಪ್ಪ ಅಮ್ಮ ಇದ್ದದ್ದು ವಿಟ್ಲದಲ್ಲಿ. ಹಾಸ್ಟೆಲಿಗೆ ಸೇರಿಸುವ ಎಂದು ಅಪ್ಪ ಹೇಳಿದಾಗ ಮಾವ ಒಪ್ಪಲಿಲ್ಲವಂತೆ. "ನಾನು ಇಲ್ಲಿ ಇರುವಾಗ ಇವಳು ಹಾಸ್ಟೆಲಿನ ಸಾರು ಉಣ್ಣುವುದಾ?" ಎಂದು ಕೇಳಿದರಂತೆ. ಮಾವನ ಜೊತೆ ಯಾವ ವಿಷಯ ಎತ್ತಿದರೂ ಅದು ಕೊನೆಗೆ ಸಾರಿಗೇ ಬಂದು ನಿಲ್ಲುತ್ತಿತ್ತು. ಹದಿನಾರು ವರ್ಷ ಅವರು ಗಲ್ಫಿನಲ್ಲಿ ಅಡುಗೆಯವರಾಗಿದ್ದರು. ಮರಳುಗಾಡಿನಲ್ಲಿ ಎಣ್ಣೆಯ ಪೈಪು ಹಾಕುವ ಕಂಪೆನಿ. ಪೈಪು ಮುಂದೆ ಹೋದ ಹಾಗೆ ಡೇರೆ ಮುಂದೆ, ಡೇರೆಯ ಹಿಂದೆ ಮಾವನ ಪಾತ್ರೆಗಳು. ಊರಿಗೆ ಬಂದ ಮೇಲೆ ಬೆಳ್ತಂಗಡಿ ಪೇಟೆಯಲ್ಲಿ ಒಂದು ಹೋಟೆಲು ಇಟ್ಟರು. ಮಧ್ಯಾಹ್ನ ಮೀನಿನ ಊಟ, ಸಂಜೆ ಚಾ ಮತ್ತು ಗೋಳಿಬಜೆ.

ಅವರಿಗೂ ಅತ್ತೆಗೂ ಮಕ್ಕಳಿರಲಿಲ್ಲ. ಹಾಗಾಗಿ ನನ್ನ ಮೇಲೆ ಇಬ್ಬರಿಗೂ ಪೂರ್ತಿ ಹಕ್ಕು, ನನಗೂ ಇಬ್ಬರ ಮೇಲೆ ಪೂರ್ತಿ ಸಲಿಗೆ.

ನಾನು ಎರಡನೆಯ ವರ್ಷದಲ್ಲಿದ್ದಾಗ ಒಂದು ಶನಿವಾರ ಮಾವ ಹೋಟೆಲಿನಿಂದ ಬೇಗ ಬಂದರು. ಕೈಯಲ್ಲಿ ಅಮೆರಿಕದ ಅಂಚೆಚೀಟಿ ಹಚ್ಚಿದ ಒಂದು ಉದ್ದ ಲಕೋಟೆ. ಅದನ್ನು ಆಗಲೇ ತೆರೆದು, ಹೋಟೆಲಿನಲ್ಲಿ ಕೂತವರಿಗೆಲ್ಲ ತೋರಿಸಿ, ಒಂದು ಮೂಲೆಗೆ ಸಾರಿನ ಕಲೆಯನ್ನೂ ಮಾಡಿಕೊಂಡಿದ್ದರು.

"ಇದು ನಮ್ಮ ಸಾಹೇಬರದ್ದು. ಅಲ್ಲಿ ದೊಡ್ಡ ಎಂಜಿನಿಯರ್ ಆಗಿದ್ದವರು. ಏನು ಬರೆದಿದ್ದಾರೆ ನೋಡು ಮಗಾ" ಎಂದರು.

ಮಾವನಿಗೆ ಇಂಗ್ಲಿಷ್ ಮಾತಾಡಲು ಬರುತ್ತಿತ್ತು. ಅಡುಗೆಮನೆಯ ಇಂಗ್ಲಿಷ್, ಆದರೆ ಧೈರ್ಯದ ಇಂಗ್ಲಿಷ್. ಓದಲು ಮಾತ್ರ ಡಬ್ಬ, ಗೋಣಿ, ಪೆಟ್ಟಿಗೆಗಳ ಮೇಲೆ ದೊಡ್ಡಕ್ಷರದಲ್ಲಿ ಅಚ್ಚು ಹಾಕಿದ್ದಷ್ಟೇ ಬರುತ್ತಿತ್ತು. ಕೂಡಿಸಿ ಬರೆದ ಕೈಬರಹ ಅವರಿಗೆ ಇರುವೆ ಸಾಲು.

ನಾನು ಓದಿದೆ. ಸಾಹೇಬರು ನಿವೃತ್ತರಾಗಿ ತಮ್ಮ ಊರು ಮೊಂಟಾನಾಕ್ಕೆ ಹೋಗಿದ್ದರು. ಅದು ಬೆಟ್ಟದ ಸೀಮೆ. ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ಅವರೂ ಮೂವರು ಗೆಳೆಯರೂ ಬೆಟ್ಟ ಹತ್ತಿ, ಹನ್ನೆರಡು ದಿನ ಡೇರೆ ಹಾಕಿ ಜಿಂಕೆ ಮತ್ತು ಎಲ್ಕ್ ಬೇಟೆಯಾಡುತ್ತಾರೆ. ಅಲ್ಲಿ ಅದಕ್ಕೆ ಸರಕಾರದ ಪರವಾನಿಗೆ ಉಂಟು. ಅಷ್ಟು ಹೊತ್ತಿಗೆ ಮೇಲೆ ಹಿಮ ಬಿದ್ದಿರುತ್ತದೆ. ಅವರಿಗೆ ಅಡುಗೆ ಮಾಡುತ್ತಿದ್ದ ಮುದುಕ ಮಂಡಿಯ ಆಪರೇಶನ್ ಮಾಡಿಸಿಕೊಂಡು ಇನ್ನು ಬೆಟ್ಟ ಹತ್ತುವುದಿಲ್ಲ ಎಂದಿದ್ದಾನೆ. "ಮರಳಿನಲ್ಲಿ ನಿನ್ನ ಕೋಳಿ ಸಾರು ತಿಂದೆ. ಒಮ್ಮೆ ಹಿಮದಲ್ಲಿಯೂ ತಿನ್ನಬೇಕು. ನನ್ನ ಅತಿಥಿಯಾಗಿ ಬಾ, ಟಿಕೆಟ್ ನನ್ನದು" ಎಂದು ಬರೆದಿದ್ದರು.

ಮಾವ ಲಕೋಟೆ ತಿರುಗಿಸಿ ಅಂಚೆಚೀಟಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಕೇಳಿದರು, "ಎಲ್ಕ್ ಅಂದರೆ ಎಂಥದು?"

ನಾನು ನಿಘಂಟು ತಂದು ನೋಡಿದೆ. ಅದರಲ್ಲಿ ದೊಡ್ಡ ಜಾತಿಯ ಕಡವೆ ಎಂದಿತ್ತು.

"ಕಡವೆಯಾ? ಅದಕ್ಕೆ ಜೀರಿಗೆ ಕಡಿಮೆ ಹಾಕಬೇಕು" ಎಂದರು ಮಾವ. ಹೋಗುವುದು ಅಲ್ಲಿಗೆ ತೀರ್ಮಾನವಾಯಿತು.

ಒಪ್ಪಿಗೆ ಬರೆದು ಹಾಕಿದೆವು. ಒಂದು ತಿಂಗಳ ಮೇಲೆ ಎರಡನೆಯ ಪತ್ರ ಬಂತು, ಅದರಲ್ಲಿ ಏನೇನು ತರಬೇಕು ಎಂಬ ಪಟ್ಟಿ. ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಒಣಗುವುದಿಲ್ಲ, ಉಣ್ಣೆಯದ್ದೇ ಬೇಕು. ಕಾಲಿನ ಅಳತೆಗಿಂತ ಒಂದು ಅಳತೆ ದೊಡ್ಡ ಬೂಟು, ಒಳಗೆ ಎರಡು ಜೊತೆ ಕಾಲುಚೀಲ. ಮೇಲೆ ಹಾಕುವ ಕಿತ್ತಳೆ ಬಣ್ಣದ ಅಂಗಿ, ಟೊಪ್ಪಿ ನಾವು ಕೊಡುತ್ತೇವೆ. ಅದಿಲ್ಲದಿದ್ದರೆ ಜಿಂಕೆ ಎಂದು ತಿಳಿದು ನಿನಗೇ ಯಾರಾದರೂ ಗುಂಡು ಹೊಡೆದಾರು. ಡೇರೆಯವರೆಗೆ ಕುದುರೆ ಮೇಲೆ ಹೋಗುವುದು, ನಿನಗೊಂದು ಸಾಧು ಕುದುರೆ ನೋಡಿಟ್ಟಿದ್ದೇನೆ. ಇಷ್ಟೇ.

ನಾನು ಅದನ್ನು ಒಮ್ಮೆ ಮನಸ್ಸಿನಲ್ಲೇ ಓದಿ, ಸಂಜೆ ಮಾವ ಬಂದಾಗ ಹೇಳುವ ಎಂದು ಇಟ್ಟಿದ್ದೆ. ಅತ್ತೆ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದವರು ನನ್ನನ್ನು ಕರೆದರು.

"ಅದರಲ್ಲಿ ನಡೆಯಬೇಕು ಎಂದು ಉಂಟಾ?"

"ಇಲ್ಲ ಅತ್ತೆ. ಕುದುರೆ ಉಂಟಂತೆ."

ಅತ್ತೆ ಬಟ್ಟೆ ಹಿಂಡಿ ಬಕೆಟಿಗೆ ಹಾಕಿದರು. ಮಾವನಿಗೆ ಸಕ್ಕರೆ ಕಾಯಿಲೆ ಹಿಡಿದು ಎರಡು ವರ್ಷವಾಗಿತ್ತು. ನಡೆಯಿರಿ, ಬೀಡಿ ಬಿಡಿ, ಸಿಹಿ ಬಿಡಿ ಎಂದು ಡಾಕ್ಟರು ಹೇಳಿ ಹೇಳಿ ಸುಸ್ತಾಗಿದ್ದರು. ಮಾವ ಡಾಕ್ಟರ ಎದುರು ತಲೆಯಾಡಿಸಿ, ಆಸ್ಪತ್ರೆಯ ಗೇಟಿನ ಹೊರಗೆ ಬಂದು ಬೀಡಿ ಹಚ್ಚುತ್ತಿದ್ದರು. ಅತ್ತೆಯ ಮಾತಿಗೂ ಅದೇ ಗತಿ. ಆದರೆ ಸಾಹೇಬರ ಮಾತು ಎಂದರೆ ಬೇರೆ.

"ನೀನು ಓದುವಾಗ ಉಂಟು" ಎಂದರು ಅತ್ತೆ.

"ಎಂಥದು?"

"ನಡೆಯಬೇಕು ಎಂದು. ನೀನು ಓದುವಾಗ ಅದರಲ್ಲಿ ಅದು ಉಂಟು. ಬೀಡಿಯದ್ದೂ ಉಂಟು. ಚಾಕ್ಕೆ ಹಾಕುವ ಸಕ್ಕರೆಯದ್ದೂ."

ನಾನು ಬೇಡ ಎನ್ನಬಹುದಿತ್ತು. ಹೇಳಲಿಲ್ಲ. ನಿಜ ಹೇಳಬೇಕೆಂದರೆ ಆ ಕೆಲಸ ನನಗೆ ಬಹಳ ಇಷ್ಟವಾಯಿತು.

ಸಂಜೆ ಮಾವ ಕೈಕಾಲು ತೊಳೆದು ಬಂದು ಎದುರು ಕೂತರು. ನಾನು ಕಾಗದವನ್ನು ಸ್ವಲ್ಪ ಮೇಲೆ ಹಿಡಿದು, ಅಲ್ಲಲ್ಲಿ ತಡವರಿಸಿ, ಕಷ್ಟಪಟ್ಟು ಅರ್ಥ ಮಾಡಿಕೊಂಡವಳ ಹಾಗೆ ಓದಿದೆ. ಬೂಟು, ಉಣ್ಣೆ, ಕಿತ್ತಳೆ ಟೊಪ್ಪಿ ಎಲ್ಲ ಇದ್ದ ಹಾಗೆಯೇ ಹೇಳಿದೆ. ಕುದುರೆ ಬಂದಲ್ಲಿ ನಿಲ್ಲಿಸಿ, "ಕುದುರೆ ಸಾಮಾನು ಹೊರಲು ಮಾತ್ರ. ಅಡುಗೆಯವರು ದಿನಾ ಬೆಳಿಗ್ಗೆ ಆರು ಕಿಲೋಮೀಟರು ಏರು ಹತ್ತುವ ಅಭ್ಯಾಸ ಮಾಡಿಕೊಂಡು ಬರಬೇಕು, ಬೆನ್ನ ಮೇಲೆ ಭಾರ ಇಟ್ಟುಕೊಂಡು" ಎಂದೆ.

ಮಾವ ಹೊಟ್ಟೆಯ ಮೇಲೆ ಕೈಯಾಡಿಸಿದರು.

"ಮತ್ತೆ, ಬೀಡಿ ಸಿಗರೇಟು ಈಗಲೇ ಬಿಡಬೇಕು. ಎಲ್ಕಿಗೆ ಮೂಗು ಚುರುಕು. ಆರು ತಿಂಗಳ ಹಿಂದೆ ಸೇದಿದ್ದೂ ಅದಕ್ಕೆ ವಾಸನೆ ಬರ್ತದಂತೆ."

"ಆರು ತಿಂಗಳಾ?"

"ಹಾಗೆ ಬರೆದಿದ್ದಾರೆ. ಮತ್ತೆ ಸಕ್ಕರೆ. ಆ ಬೆಟ್ಟದಲ್ಲಿ ಕರಡಿ ಉಂಟು. ಸಕ್ಕರೆ ತಿನ್ನುವವರ ಬೆವರು ಸಿಹಿ ವಾಸನೆ ಬರ್ತದೆ, ಕರಡಿ ಮೊದಲು ಅವರ ಡೇರೆಗೆ ಬರ್ತದೆ ಎಂದು."

ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಕರಡಿ ಅವರ ಲೆಕ್ಕದಲ್ಲಿ ಇರಲಿಲ್ಲ, ಅದು ನನ್ನದೇ.

ಮಾವ, "ಸಾಹೇಬರು ಹಾಗೆಯೇ. ಮೊದಲಿನಿಂದಲೂ ಕಟ್ಟುನಿಟ್ಟು" ಎಂದು ಜೇಬಿನಿಂದ ಬೀಡಿಯ ಕಟ್ಟು ತೆಗೆದು ಒಲೆಗೆ ಹಾಕಿದರು. ನನಗೆ ಒಂದು ಕ್ಷಣ ಹೆದರಿಕೆಯಾಯಿತು. ಇಷ್ಟು ಸುಲಭದಲ್ಲಿ ನಂಬುತ್ತಾರೆ ಎಂದು ನಾನು ಎಣಿಸಿರಲಿಲ್ಲ.

ಮರುದಿನದಿಂದ ಮಾವ ನಡೆಯಲು ಹೊರಟರು. ಒಂದು ಗೋಣಿಯಲ್ಲಿ ಹದಿನೈದು ಕಿಲೋ ಕುಚ್ಚಲಕ್ಕಿ ತುಂಬಿಸಿ, ಹಗ್ಗದಲ್ಲಿ ಬೆನ್ನಿಗೆ ಕಟ್ಟಿಕೊಂಡು, ಲಾಯಿಲದಿಂದ ಉಜಿರೆಯ ಕಡೆಗೆ. ಅದು ಎಪ್ರಿಲ್ ತಿಂಗಳು. ಏಳು ಗಂಟೆಗೇ ಬೆವರು ಇಳಿಯುವ ಸೆಕೆ. ಬಸ್ಸಿಗೆ ಕಾಯುತ್ತಿದ್ದವರು ಮೊದಲ ದಿನ ಗಿರಣಿಗೆ ಹೋಗುತ್ತಾರೆ ಎಂದು ತಿಳಿದರು. ನಾಲ್ಕನೆಯ ದಿನವೂ ಅದೇ ಗೋಣಿ ಅದೇ ಭಾರದಲ್ಲಿ ಹಿಂದೆ ಬಂದದ್ದು ಕಂಡು ಕೇಳಿದರು.

"ಅಮೆರಿಕದಲ್ಲಿ ಶಿಕಾರಿ ಉಂಟು" ಎಂದರು ಮಾವ.

ಈ ಮಾತು ಬೆಳ್ತಂಗಡಿ ಪೇಟೆಗೆ ಮಾವನಿಗಿಂತ ಮೊದಲೇ ಹೋಗಿ ಮುಟ್ಟಿತು. ಹೋಟೆಲಿನಲ್ಲಿ ಅದೇ ಮಾತು. ಮೊದಮೊದಲು ಮಾವ "ನಾನು ಹೋಗುವುದು ಅಡುಗೆಗೆ ಮಾರಾಯ್ರೆ" ಎಂದು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದರು. ಎರಡು ವಾರದ ಮೇಲೆ ಯಾರಾದರೂ "ಎಷ್ಟು ಹೊಡೆಯುವ ಅಂದಾಜು?" ಎಂದು ಕೇಳಿದರೆ, "ನೋಡುವ, ಸಿಕ್ಕಿದ ಹಾಗೆ" ಎನ್ನತೊಡಗಿದರು. ಮಾವ ಬದುಕಿನಲ್ಲಿ ಕೋವಿ ಮುಟ್ಟಿದವರಲ್ಲ. ಹಂದಿ ಓಡಿಸಲು ಪಕ್ಕದ ತೋಟದವರು ಗರ್ನಾಲು ಪಟಾಕಿ ಸಿಡಿಸಿದರೆ ಕೈಯಲ್ಲಿದ್ದ ಲೋಟ ಬೀಳಿಸುವವರು.

ಹಿಮದ ವಿಷಯದಲ್ಲಿ ಮಾತ್ರ ಅವರಿಗೆ ನಿಜವಾದ ಆತಂಕ ಇತ್ತು. ಕಾಲೇಜಿನಲ್ಲಿ ನನ್ನ ಜೊತೆ ಕೊಡಗಿನ ಒಬ್ಬಳು ಹುಡುಗಿ ಇದ್ದಳು. ಅವಳ ಅಪ್ಪನ ಹಳೆಯ ಉಣ್ಣೆ ಕೋಟೊಂದನ್ನು ಹಾಸ್ಟೆಲಿಗೆ ತರಿಸಿಕೊಟ್ಟಳು. ನಾನು ಅದನ್ನು ವೇಣೂರು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಗುರುವಾಯನಕೆರೆ ಮುಟ್ಟುವಾಗ ನನ್ನ ಕಾಲು ಬೆಂದು ಹೋಗಿತ್ತು. ಮಾವ ಅದನ್ನು ಹಾಕಿಕೊಂಡು ಕನ್ನಡಿ ಎದುರು ನಿಂತು, "ಇದು ಸಾಕಾ ಎಂದು ಹೇಗೆ ಗೊತ್ತಾಗುವುದು?" ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ಕೊಟ್ಟವರು ಮಾವನ ಗಲ್ಫಿನ ಗೆಳೆಯ, ಒಬ್ಬರು ಬ್ಯಾರಿ. ಅದೇ ಕಂಪೆನಿಯಲ್ಲಿ ಅದೇ ಸಾಹೇಬರ ಜೀಪು ಓಡಿಸುತ್ತಿದ್ದವರು. ಈಗ ಪೇಟೆಯಲ್ಲಿ ಮೀನಿನ ವ್ಯಾಪಾರ. ಮೀನಿಗೆ ಬೇಕಾದ ಮಂಜುಗಡ್ಡೆ ಇಡಲು ದಪ್ಪ ಬಾಗಿಲಿನ ಒಂದು ಕೋಣೆ ಕಟ್ಟಿಸಿದ್ದರು. ದಿನಾ ನಾಲ್ಕು ಗಂಟೆಗೆ ಮಾವನ ಹೋಟೆಲಿಗೆ ಚಾಕ್ಕೆ ಬರುತ್ತಿದ್ದರು. ನಾವು ಅವರನ್ನು ಕಾಕ ಎನ್ನುತ್ತಿದ್ದೆವು.

"ನಮ್ಮ ಐಸಿನ ಕೋಣೆಯಲ್ಲಿ ಕೂತು ನೋಡಿ ಮಾರಾಯ್ರೆ. ಅದಕ್ಕಿಂತ ಚಳಿ ದೇವರು ಎಲ್ಲಿ ಮಾಡಿದ್ದಾನೆ?" ಎಂದರು ಕಾಕ.

ಮಾವ ವಾರಕ್ಕೆ ಎರಡು ದಿನ, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ, ಉಣ್ಣೆ ಕೋಟು, ಮಂಕಿ ಕ್ಯಾಪು, ಎರಡು ಜೊತೆ ಕಾಲುಚೀಲ ಹಾಕಿಕೊಂಡು ಐಸಿನ ಕೋಣೆಯಲ್ಲಿ ಅರ್ಧ ಗಂಟೆ ಕೂರತೊಡಗಿದರು. ಒಳಗೆ ಒಂದು ಸೀಮೆಎಣ್ಣೆ ಸ್ಟವ್ ಇಟ್ಟು ನೀರು ಕುದಿಯಲು ಎಷ್ಟು ಹೊತ್ತು ಬೇಕು ಎಂದು ನೋಡಿದರು. ಕೋಣೆ ಬಿಸಿಯಾಗಿ ಐಸು ಕರಗುತ್ತದೆ ಎಂದು ಕಾಕ ಸ್ಟವ್ ಮಾತ್ರ ಹೊರಗೆ ಹಾಕಿದರು. ಮಾವ ಹೊರಗೆ ಬಂದಾಗ ಕೋಟಿನಿಂದ ಬಂಗುಡೆಯ ವಾಸನೆ ಬರುತ್ತಿತ್ತು. ಎಲ್ಕಿಗೆ ಈ ವಾಸನೆ ಆಗುತ್ತದಾ ಎಂದು ಸಾಹೇಬರಲ್ಲಿ ಕೇಳು ಎಂದು ನನಗೆ ಹೇಳಿದರು.

ಆಗ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಒಂದು ಸೈಬರ್ ಸೆಂಟರ್ ಬಂದಿತ್ತು. ಸಾಹೇಬರು ತಮ್ಮ ಇ-ಮೇಲ್ ವಿಳಾಸ ಕಳಿಸಿದ್ದರು. ಕಾಲೇಜು ಬಿಟ್ಟ ಮೇಲೆ ನಾನು ಅಲ್ಲಿ ಕೂತು ಮಾವನ ಹೆಸರಿನಲ್ಲಿ ಬರೆಯುತ್ತಿದ್ದೆ. ಇ-ಮೇಲಿನಿಂದ ನನಗೆ ಒಂದು ಅನುಕೂಲ, ಕಾಗದ ಯಾರ ಕೈಗೂ ಸಿಗುವುದಿಲ್ಲ. ಕಾಕನಿಗೆ ಇಂಗ್ಲಿಷ್ ಓದಲು ಬರುತ್ತದೆ ಎಂಬುದು ನನಗೆ ಗೊತ್ತಿತ್ತು.

ಕೆಲಸ ಈಗ ಎರಡೂ ಕಡೆಯಿಂದ ಮಾಡಬೇಕಾಗಿತ್ತು. ಸಾಹೇಬರು ಬರೆಯದ್ದನ್ನು ಮಾವನಿಗೆ ಓದಬೇಕು. ಮಾವ ಹೇಳಿದ್ದನ್ನು ಸಾಹೇಬರಿಗೆ ಬರೆಯದೆ ಬಿಡಬೇಕು. "ನೀವು ಹೇಳಿದ ಹಾಗೆ ದಿನಾ ನಡೆಯುತ್ತಿದ್ದೇನೆ ಎಂದು ಬರೆ" ಎನ್ನುತ್ತಿದ್ದರು ಮಾವ. ನಾನು "ಇಲ್ಲಿ ಎಲ್ಲರೂ ಕ್ಷೇಮ" ಎಂದು ಬರೆಯುತ್ತಿದ್ದೆ. ಕರಡಿಯ ಕುರಿತು ಮಾವ ಕೇಳಿದ ಹನ್ನೊಂದು ಪ್ರಶ್ನೆಗಳಿಗೆ ನಾನೇ ಬಸ್ಸಿನಲ್ಲಿ ಕೂತು ಉತ್ತರ ತಯಾರು ಮಾಡುತ್ತಿದ್ದೆ.

ಹೀಗೆ ಬರೆಯುತ್ತ ಬರೆಯುತ್ತ ನನಗೂ ಹೋಗುವ ಆಸೆ ಹುಟ್ಟಿತು. ಬೆಟ್ಟ, ಕುದುರೆ, ಹಿಮ ಎಲ್ಲ ಓದಿದವಳು ನಾನು. ನೋಡುವವರು ಮಾತ್ರ ಮಾವ. ಒಂದು ದಿನ ಮಾವನ ಹೆಸರಿನಲ್ಲಿ, ಮಾವನಿಗೆ ಹೇಳದೆ ಬರೆದೆ: "ನನ್ನ ಸೋದರ ಸೊಸೆ ಉತ್ತಮ ಅಡುಗೆಯವಳು. ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಸಹಾಯಕ್ಕೆ ಕರೆತಂದರೆ ಅನುಕೂಲ." ಗಂಜಿಗೆ ನೀರು ಎಷ್ಟು ಎಂದು ಆಗ ನನಗೆ ಗೊತ್ತಿರಲಿಲ್ಲ.

ಅದಕ್ಕೆ ಇ-ಮೇಲಿನಲ್ಲಿ ಉತ್ತರ ಬರಲಿಲ್ಲ. ನಾನು ದಿನಾ ಹೋಗಿ ನೋಡಿದೆ. ಬರಲೇ ಇಲ್ಲ.

ಅಷ್ಟರಲ್ಲಿ ಮಳೆಗಾಲ ಬಂದಿತ್ತು. ಮಾವ ಗೋಣಿಯ ಮೇಲೆ ಪ್ಲಾಸ್ಟಿಕ್ ಸುತ್ತಿ, ಕೊಡೆ ಹಿಡಿದು ನಡೆಯುತ್ತಿದ್ದರು. ಪಂಚೆಯ ಗಂಟು ಎರಡು ಬೆರಳು ಒಳಗೆ ಹೋಗಿತ್ತು. ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ, ಇದು ನಿಮ್ಮದೇ ಹೌದಾ ಎಂದು ಕೇಳಿದರಂತೆ. ಅತ್ತೆ ಆ ದಿನ ನಾನು ಕೇಳದೆಯೇ ನನಗಿಷ್ಟದ ಅಕ್ಕಿ ಪುಂಡಿ ಮಾಡಿಕೊಟ್ಟರು.

ಜುಲೈಯಲ್ಲಿ ಒಂದು ಸಂಜೆ ಮಾವ ಮನೆಗೆ ಬಂದು ಬೆಂಚಿನ ಮೇಲೆ ಕೂತು, "ಸಾಹೇಬರ ಫೋನ್ ಬಂದಿತ್ತು ಹೋಟೆಲಿಗೆ" ಎಂದರು.

ಫೋನ್ ಬರಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ.

"ಸಹಾಯಕ್ಕೆ ನಿನ್ನನ್ನೂ ಕರೆತರಬಹುದಂತೆ. ನೀನು ಬರೆದಿದ್ದೀಯಂತೆ."

ಅತ್ತೆ ನನ್ನ ಮುಖ ನೋಡಿದರು. ಅವರಿಗೂ ಅದು ಹೊಸ ಸುದ್ದಿ.

"ಬರೆದೆ ಮಾವ. ಕೇಳಿ ನೋಡುವ ಎಂದು" ಎಂದೆ ಮೆಲ್ಲಗೆ.

"ಒಳ್ಳೆಯದೇ ಆಯ್ತು. ಆದರೆ ಅವರದ್ದು ಕೆಲವು ಶರ್ತ ಉಂಟು" ಎಂದು ಮಾವ ಬೆರಳು ಮಡಚಿ ಹೇಳತೊಡಗಿದರು. ಸಹಾಯಕಿ ದಿನಾ ಐದು ಗಂಟೆಗೆ ಏಳಬೇಕು. ಐದು ಕಿಲೋ ನೀರುಳ್ಳಿ ಕಣ್ಣೀರು ಬಾರದ ಹಾಗೆ ಕೊಯ್ಯಲು ಕಲಿಯಬೇಕು, ಯಾಕೆಂದರೆ ಹಿಮದಲ್ಲಿ ಕಣ್ಣೀರು ಕೆನ್ನೆಯ ಮೇಲೆಯೇ ಗಟ್ಟಿಯಾಗುತ್ತದೆ. ಮೀನು ಕೋಳಿ ಎಲ್ಲ ತಾನೇ ಶುಚಿ ಮಾಡಬೇಕು. ಚಳಿಯ ಅಭ್ಯಾಸಕ್ಕೆ ಐಸಿನ ಕೋಣೆಯಲ್ಲಿ ಕೂರಬೇಕು.

"ಮತ್ತೆ ನೀನು" ಎಂದು ಅತ್ತೆಯ ಕಡೆ ತಿರುಗಿದರು. "ನಾನು ಇಲ್ಲದಾಗ ಹೋಟೆಲು ನೋಡುವವರು ಯಾರು ಎಂದು ಸಾಹೇಬರು ಕೇಳಿದರು. ಹೆಂಡತಿ ಎಂದೆ. ಹಾಗಾದರೆ ಅವರೂ ಈಗಲೇ ದಿನಾ ನಡೆದು ಹೋಟೆಲಿಗೆ ಬರಲಿ, ಅಭ್ಯಾಸ ಆಗಲಿ ಎಂದರು."

"ಲಾಯಿಲದಿಂದ ಪೇಟೆಗೆ ನಡೆದಾ? ರಿಕ್ಷಾ ಉಂಟಲ್ಲ" ಎಂದರು ಅತ್ತೆ.

"ಅದನ್ನು ನಾನೂ ಹೇಳಿದೆ. ಸಾಹೇಬರು ಕಟ್ಟುನಿಟ್ಟು."

ಎರಡು ವಾರ ನಾವು ಪಟ್ಟ ಪಾಡು ನಮಗೇ ಗೊತ್ತು. ನಾನು ಐದು ಗಂಟೆಗೆ ಎದ್ದು ನೀರುಳ್ಳಿ ಕೊಯ್ದೆ. ಮೂಡುಬಿದಿರೆ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಕ್ಲಾಸಿನಲ್ಲಿ ಮೇಡಂ ನನ್ನ ಕೆಂಪು ಕಣ್ಣು ನೋಡಿ, ಮನೆಯಲ್ಲಿ ಏನಾದರೂ ತೊಂದರೆಯಾ ಎಂದು ಕೇಳಿದರು. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಕೆಸರು ದಾಟಿಕೊಂಡು ಹೋಟೆಲಿಗೆ ಹೋಗಿ ಬಂದು ಮಂಡಿಗೆ ಎಣ್ಣೆ ಹಚ್ಚಿಕೊಂಡರು. ಮಾವನಿಗೆ ನಾವು ಹಾಗೆ ಮಾಡಿದ್ದು ತಪ್ಪಾಯ್ತಾ ಎಂದು ಅವರು ಆಗ ಮೊದಲ ಬಾರಿ ಕೇಳಿದ್ದು. ತಾವೇ ನಡೆದ ಮೇಲೆ ಹೊಳೆದದ್ದು.

ಕೊನೆಗೆ ಒಂದು ಭಾನುವಾರ ಮಾವ ನನ್ನನ್ನು ಐಸಿನ ಕೋಣೆಗೆ ಕರೆದುಕೊಂಡು ಹೋದರು. ಕೊಡಗಿನ ಕೋಟು ನನ್ನ ಮಂಡಿಯವರೆಗೆ ಬರುತ್ತಿತ್ತು. ಮೀನಿನ ಖಾಲಿ ಪೆಟ್ಟಿಗೆಯೊಂದರ ಮೇಲೆ ನನ್ನನ್ನು ಕೂರಿಸಿ ಬಾಗಿಲು ಎಳೆದುಕೊಂಡರು. ಬಾಗಿಲಿಗೆ ಒಳಗಿನಿಂದ ತೆರೆಯುವ ಚಿಲಕ ಇತ್ತು, ಮತ್ತೆ ಕಾಕ ಹೊರಗೇ ನಿಂತಿದ್ದರು. ಆದರೂ ಹತ್ತು ನಿಮಿಷದಲ್ಲಿ ನನ್ನ ಮೂಗು ನನ್ನದಲ್ಲ ಎಂದಾಯಿತು. ಹದಿನೈದನೆಯ ನಿಮಿಷಕ್ಕೆ ನಾನೇ ಬಾಗಿಲು ತೆರೆದು ಹೊರಗೆ ಬಂದೆ.

ಹೊರಗೆ ಮಾವ, ಕಾಕ, ಅತ್ತೆ ಮೂವರೂ ಇದ್ದರು. ಅತ್ತೆಯ ಮುಖ ಸಣ್ಣದಾಗಿತ್ತು. ಕಾಕ ನಗು ತಡೆಯಲಾಗದೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ಮಾವ ಜೇಬಿನಿಂದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟರು.

"ಓದು" ಎಂದರು.

ಅದು ಸಾಹೇಬರ ಪತ್ರ. ಅದರಲ್ಲಿ ಪ್ರತಿಯೊಂದು ಅಕ್ಷರವೂ ದೊಡ್ಡಕ್ಷರ, ಗೋಣಿಯ ಮೇಲೆ ಅಚ್ಚು ಹಾಕಿದ ಹಾಗೆ, ಒಂದೊಂದಾಗಿ ಬಿಡಿಸಿ ಬರೆದದ್ದು. ಓದಲು ತಡವರಿಸುವವರೂ ತಡವರಿಸದ ಹಾಗೆ.

ಆಮೇಲೆ ತಿಳಿದದ್ದು ಇದು. ಮೇ ತಿಂಗಳಲ್ಲೇ ಮಾವ ಕೋಟು ಹಾಕಿ, ಗೋಣಿ ಹೊತ್ತು, ಬೆಳ್ತಂಗಡಿಯ ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸಿದ್ದರು. ಕಾಕನ ಕೈಯಲ್ಲಿ ಅದರ ಹಿಂದೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಸಿ, ಸಾಹೇಬರಿಗೆ ಖುಷಿಯಾಗಲಿ ಎಂದು ಅಂಚೆಗೆ ಹಾಕಿದ್ದರು: ನಿಮ್ಮ ಆಜ್ಞೆಯಂತೆ ದಿನಾ ಆರು ಕಿಲೋಮೀಟರು, ಹದಿನೈದು ಕಿಲೋ ಭಾರ, ಬೀಡಿ ಇಲ್ಲ, ಸಕ್ಕರೆ ಇಲ್ಲ. ಸಾಹೇಬರಿಗೆ ತಲೆಬುಡ ಅರ್ಥವಾಗಲಿಲ್ಲ. ತನ್ನ ಅಡುಗೆಯವನಿಗೆ ಏನು ಓದಲು ಬರುತ್ತದೆ ಎಂದು ಹಳೆಯ ಪರಿಚಯದಿಂದ ಗೊತ್ತಿದ್ದದ್ದರಿಂದ, ಈ ಬಾರಿ ಇ-ಮೇಲ್ ಬಿಟ್ಟು ದೊಡ್ಡಕ್ಷರದಲ್ಲಿ ಹೋಟೆಲಿನ ವಿಳಾಸಕ್ಕೆ ನೇರವಾಗಿ ಬರೆದಿದ್ದರು. ಫೋನ್ ಬಂದದ್ದೇ ಸುಳ್ಳು.

"ಗಟ್ಟಿಯಾಗಿ ಓದು. ಇದ್ದದ್ದನ್ನು ಇದ್ದ ಹಾಗೆ" ಎಂದರು ಮಾವ.

ನಾನು ಮೂಗು ಒರೆಸಿಕೊಂಡು ಓದಿದೆ. ಗೆಳೆಯಾ, ನಿನಗೆ ನಡೆಯಲು ಹೇಳಿದವರು ಯಾರು? ನಾನು ಕುದುರೆ ಎಂದು ಬರೆದಿದ್ದೆ. ನಾನೇ ದಿನಾ ಸಿಗಾರ್ ಸೇದುತ್ತೇನೆ, ಜಿಂಕೆಗಳು ದೂರು ಕೊಟ್ಟಿಲ್ಲ. ಸಕ್ಕರೆ ನಿನಗೆ ಬೇಕಾದಷ್ಟು ಉಂಟು. ನಿನ್ನ ಪತ್ರ ಬರೆಯುವವರು ಬಹಳ ಒಳ್ಳೆಯ ಇಂಗ್ಲಿಷ್ ಬರೆಯುತ್ತಾರೆ, ನೀನು ಮಾತಾಡುವ ಹಾಗೆ ಅದು ಇಲ್ಲ. ಸೊಸೆಯ ವಿಷಯ: ಗೊರಕೆ ಹೊಡೆಯುವ ನಾಲ್ವರು ಮುದುಕರ ಡೇರೆ ಹುಡುಗಿಗೆ ತಕ್ಕ ಜಾಗ ಅಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಓದಲಿ. ನೀನು ಬಾ.

ಓದಿ ಮುಗಿಸಿದಾಗ ನನಗೆ ತಲೆ ಎತ್ತಲು ಆಗಲಿಲ್ಲ. ನಾಚಿಕೆ ಒಂದು ಕಡೆ, ಹೋಗಲು ಆಗುವುದಿಲ್ಲವಲ್ಲ ಎಂಬ ಬೇಸರ ಇನ್ನೊಂದು ಕಡೆ. ಅತ್ತೆಯೇ ಮೊದಲು ಮಾತಾಡಿದರು.

"ಅವಳಿಗೆ ಬೈಯಬೇಡಿ. ಹೇಳಿಕೊಟ್ಟವಳು ನಾನು."

"ಕರಡಿಯದ್ದೂ ನೀನಾ?" ಎಂದು ಮಾವ ಕೇಳಿದರು.

"ಕರಡಿ ಅವಳದ್ದು."

"ಅದು ಚೆನ್ನಾಗಿತ್ತು" ಎಂದರು ಮಾವ. ಅಷ್ಟೇ. ಆಮೇಲೆ ಆ ವಿಷಯ ಅವರು ನಮ್ಮ ಹತ್ತಿರ ಎತ್ತಲಿಲ್ಲ. ಹೋಟೆಲಿನಲ್ಲಿ ಮಾತ್ರ ಎರಡು ವರ್ಷ ಬಂದವರಿಗೆಲ್ಲ ಹೇಳಿದರು.

ಅದೇ ಸಂಜೆ ಕಾಕನ ಹತ್ತಿರ ಒಂದು ಬೀಡಿ ತೆಗೆದುಕೊಂಡು ಹಚ್ಚಿದರು. ಎರಡು ಎಳೆದು, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿ, ಬಿಸಾಡಿದರು. ಮರುದಿನ ಬೆಳಿಗ್ಗೆ ಗೋಣಿ ಬಿಟ್ಟು, ಕೊಡೆ ಮಾತ್ರ ಹಿಡಿದು ನಡೆಯಲು ಹೋದರು. ಯಾಕೆ ಎಂದು ಅತ್ತೆ ಕೇಳಿದ್ದಕ್ಕೆ, "ನಿಲ್ಲಿಸಿದರೆ ದಾರಿಯಲ್ಲಿ ಎಲ್ಲರೂ ಕೇಳ್ತಾರೆ, ಶಿಕಾರಿ ರದ್ದಾಯ್ತಾ ಎಂದು. ಅವರಿಗೆ ಉತ್ತರ ಕೊಡುವುದಕ್ಕಿಂತ ನಡೆಯುವುದೇ ಸುಲಭ" ಎಂದರು.

ವೀಸಾಕ್ಕೆ ಚೆನ್ನೈಗೆ ಕಾಕನೂ ಜೊತೆಗೆ ಹೋದರು. ಕಿಟಕಿಯ ಆಚೆ ಕೂತಿದ್ದ ಹೆಂಗಸು, ಅಲ್ಲಿಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದಳಂತೆ. ಮಾವ ಹಳೆಯ ಸಾಹೇಬರ ಮನೆಗೆ ಅತಿಥಿ ಎಂದು ಪತ್ರ ತೋರಿಸಿ, ಅಲ್ಲಿಗೆ ನಿಲ್ಲಿಸದೆ ಕೋಳಿ ಗಸಿ ಎಂಬ ಗಟ್ಟಿ ಸಾರು ಮಾಡುವ ಕ್ರಮವನ್ನು ಮೊದಲಿನಿಂದ ಹೇಳಿದರಂತೆ. ಮೆಣಸು ಹುರಿಯುವಲ್ಲಿಗೆ ಬಂದಾಗ ಅವಳು ಸಾಕು ಎಂದಳು. ಹೋಯಿತು ಎಂದೇ ಮಾವ ಎಣಿಸಿದ್ದರು. ವೀಸಾ ಸಿಕ್ಕಿತು.

ಹೊರಡುವ ಮೊದಲಿನ ವಾರ ಮನೆ ತುಂಬ ಹುರಿದ ಮೆಣಸಿನ ಘಾಟು. ಅತ್ತೆ ಗಸಿಯ ಮಸಾಲೆ ಹುರಿದು ಪುಡಿ ಮಾಡಿ ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರು. ತೆಂಗಿನಕಾಯಿ ಅಲ್ಲಿ ಸಿಗುತ್ತದೋ ಇಲ್ಲವೋ ಎಂದು ಕೊಬ್ಬರಿ ತುರಿದು ಒಣಗಿಸಿದರು. ಹಪ್ಪಳದ ಹಾಗೆ ಒಡೆಯುವ ಕೋರಿ ರೊಟ್ಟಿಯನ್ನು ಮಾವ ಅತ್ತೆಯ ಸೀರೆಗಳ ನಡುವೆ ಇಟ್ಟು, ಬೆತ್ತದ ಪೆಟ್ಟಿಗೆಯಲ್ಲಿ ಜೋಡಿಸಿದರು. ಗಂಡಸಿನ ಪೆಟ್ಟಿಗೆಯಲ್ಲಿ ಮೂರು ಸೀರೆ ಯಾಕೆ ಎಂದು ದಾರಿಯಲ್ಲಿ ಎರಡು ಕಡೆ ಕೇಳಿದರಂತೆ. ಅಷ್ಟು ಮಾಡಿಯೂ ರೊಟ್ಟಿ ಅಲ್ಲಿಗೆ ಮುಟ್ಟುವಾಗ ಅವಲಕ್ಕಿಯಾಗಿತ್ತು.

ನವೆಂಬರ್ ನಡುವೆ ಮಾವ ಹಿಂದೆ ಬಂದರು. ಕೆನ್ನೆಯ ಚರ್ಮ ಬಿರಿದಿತ್ತು. ಕಿತ್ತಳೆ ಟೊಪ್ಪಿ ತಲೆಯ ಮೇಲೆಯೇ ಇತ್ತು. ಒಂದು ವಾರ ಹೋಟೆಲಿನಲ್ಲಿ ಕೂರಲು ಜಾಗ ಇರಲಿಲ್ಲ. ಹಿಮ ಎಂದರೆ ಐಸಿನ ಹಾಗೆ ಗಟ್ಟಿ ಅಲ್ಲ, ಅಕ್ಕಿಹಿಟ್ಟಿನ ಹಾಗೆ ಎಂದು ಹೇಳಿದರು. ಕುದುರೆ ಸಾಧುವೇ, ಆದರೆ ಇಳಿಯುವಾಗ ಅದು ನಿದ್ದೆ ಮಾಡುತ್ತದೆ ಎಂದರು. ಉಳಿದ ಮಾಂಸವನ್ನು ಕರಡಿಗೆ ಸಿಗದ ಹಾಗೆ ಮರಕ್ಕೆ ಎತ್ತರದಲ್ಲಿ ಕಟ್ಟುತ್ತಾರೆ ಎಂದು ಹೇಳಿ, ನನ್ನ ಕಡೆ ಒಮ್ಮೆ ನೋಡಿದರು. ಸಾಹೇಬರ ಗೆಳೆಯರೊಬ್ಬರು ಒಂದು ಜಿಂಕೆ ಹೊಡೆದರು. ಅದರ ಗಸಿ ಮಾಡಿ, ರೊಟ್ಟಿಯ ಪುಡಿಯ ಮೇಲೆ ಸುರಿದು ಕೊಟ್ಟದ್ದನ್ನು ನಾಲ್ವರೂ ತಟ್ಟೆ ನೆಕ್ಕಿ ತಿಂದರು. ಎಲ್ಕ್ ಮಾತ್ರ ಒಂದೂ ಸಿಗಲಿಲ್ಲ. ಹನ್ನೆರಡು ದಿನವೂ ಸಾಹೇಬರು ಬೆಳಕು ಹರಿಯುವ ಮೊದಲು ಬೆಟ್ಟ ಹತ್ತಿ, ಸಂಜೆ ಬರಿಗೈಯಲ್ಲಿ ಇಳಿದರು.

ಜನರ ಗಲಾಟೆ ಕಡಿಮೆಯಾದ ಮೇಲೆ, ಒಂದು ಮಧ್ಯಾಹ್ನ ಮೂರು ಗಂಟೆಗೆ ನಾನು ಹೋಟೆಲಿನ ಹಿಂದೆ ಮಾವನ ಜೊತೆ ಕೂತಿದ್ದೆ. ಅವರು ಮರುದಿನದ ಬಂಗುಡೆ ಶುಚಿ ಮಾಡುತ್ತಿದ್ದರು. ಕಲಿತ ಕೆಲಸವಾದ್ದರಿಂದ ನಾನೂ ಒಂದು ಕತ್ತಿ ಹಿಡಿದಿದ್ದೆ.

"ನಾನು ನೋಡಿದ್ದೇನೆ" ಎಂದರು ಮಾವ.

"ಎಂಥದು?"

"ಎಲ್ಕ್. ಕಡವೆ ಅದರ ಎದುರು ಆಡು. ಕೊಂಬು ನಮ್ಮ ಹೋಟೆಲಿನ ಬಾಗಿಲಲ್ಲಿ ಒಳಗೆ ಬರಲಿಕ್ಕಿಲ್ಲ."

ಡೇರೆಯ ಹಿಂದೆ ಒಂದು ತೊರೆ. ಸಾಹೇಬರೆಲ್ಲ ಹೋದ ಮೇಲೆ, ಬೆಳಕು ಹರಿದಾಗ ಮಾವ ಕೊಡಪಾನ ಹಿಡಿದು ಅಲ್ಲಿಗೆ ಹೋಗುತ್ತಿದ್ದರಂತೆ. ಎರಡನೆಯ ದಿನ ಆಚೆ ದಡದಲ್ಲಿ ಅದು ನಿಂತಿತ್ತು. ಮಾವನನ್ನು ನೋಡಿತು. ಓಡಲಿಲ್ಲ. ನೀರು ಕುಡಿದು ಮರಗಳ ನಡುವೆ ಹೋಯಿತು. ಮೂರನೆಯ ದಿನ ಮತ್ತೆ. ನಾಲ್ಕನೆಯ ದಿನ ಮತ್ತೆ.

"ಎಷ್ಟು ದಿನ ಬಂತು?"

"ಒಂಬತ್ತು ದಿನ."

"ಸಾಹೇಬರಿಗೆ ಹೇಳಲಿಲ್ಲವಾ?"

ಮಾವ ಒಂದು ಮೀನಿನ ಕರುಳು ತೆಗೆದು ಪಕ್ಕಕ್ಕೆ ಹಾಕಿದರು. "ನನ್ನನ್ನು ಕರೆದದ್ದು ಅಡುಗೆಗೆ" ಎಂದರು. ಸ್ವಲ್ಪ ಬಿಟ್ಟು, "ಹೊಡೆದರೆ ಕೊಯ್ಯುವವನು ಯಾರು? ನಾನೊಬ್ಬನೇ. ಮುನ್ನೂರು ಕಿಲೋ ಮಾಂಸ, ಆ ಚಳಿಯಲ್ಲಿ" ಎಂದರು.

ಅವರು ಇನ್ನೂ ಎರಡು ಮೀನು ಕೊಯ್ದರು.

"ನೋಡಿದ ಮೊದಲ ದಿನ ಹೇಳುವ ಎಂದೇ ಇತ್ತು ಮಗಾ. ಸಾಹೇಬರು ಸಂಜೆ ಸುಸ್ತಾಗಿ ಬಂದು ಕೂತಿದ್ದರು, ಬಾಯಿಯವರೆಗೆ ಬಂತು. ಆದರೆ ಅಷ್ಟು ದೊಡ್ಡ ಪ್ರಾಣಿ, ನೀರು ಕುಡಿಯುವಾಗ ಒಂದು ಚೂರು ಶಬ್ದ ಇಲ್ಲ. ಇಲ್ಲಿ ಚಾ ಕುಡಿಯುವವರು ಎಷ್ಟು ಶಬ್ದ ಮಾಡ್ತಾರೆ ನೋಡು."

ಕೈ ತೊಳೆದು ಬಂದು, ಸಾಹೇಬರಿಗೆ ಒಂದು ಇ-ಮೇಲ್ ಕಳಿಸಬೇಕು, ಬರೆದುಕೋ ಎಂದರು. ನಾನು ಚೀಲದಿಂದ ನೋಟ್‌ಬುಕ್ ತೆಗೆದೆ. ಕ್ಷೇಮವಾಗಿ ಮುಟ್ಟಿದೆ. ನಿಮ್ಮ ಹೆಂಡತಿ ಕೊಟ್ಟ ಜ್ಯಾಮ್ ಒಡೆಯದೆ ಬಂತು. ಕುದುರೆಯನ್ನು ಕೇಳಿದೆ ಎಂದು ಹೇಳಿ. ಎಲ್ಕ್ ಸಿಗದೆ ಹೋದದ್ದಕ್ಕೆ ನನಗೆ ತುಂಬಾ ಬೇಸರ ಉಂಟು.

"ತುಂಬಾ ಎಂದೇ ಬರೆಯಬೇಕಾ ಮಾವ?"

"ತುಂಬಾ ಎಂದೇ ಬರೆ" ಎಂದು ಹೇಳಿ ಮಾವ ಬಂಗುಡೆಗೆ ಉಪ್ಪು ಹಚ್ಚಲು ಕೂತರು.